ಕೆರೆಯ ರಾಕ್ಷಸನಿಗೊಂದು ಟವೆಲ್

ಅಕ್ಕಾ,

ಈಗ ನಿನಗೆ ಬರೆಯುವುದರಲ್ಲಿ ಒಂದು ಅನುಕೂಲವಿದೆ, ವಿಳಾಸ ಹುಡುಕುವ ಗೋಜಿಲ್ಲ. ನಿನ್ನೆ ರಾತ್ರಿ ಟೀವಿಯಲ್ಲಿ ನಮ್ಮ ಕೆರೆಯ ರಾಕ್ಷಸ ಬಂದಿದ್ದ. ಅದೇ ಕಪ್ಪುಬಿಳುಪು ಸಿನಿಮಾ, ಅದೇ ರಬ್ಬರ್ ಮೈ, ಬೆನ್ನಿನಲ್ಲಿ ಅದೇ ಜಿಪ್ಪು.

ನೀನು ಹೋದ ಮೇಲೆ ಮೊದಲ ಸಲ ನೋಡಿದ್ದು. ಸದ್ದು ಹಾಕಿಕೊಂಡು ನೋಡಿದ್ದಂತೂ ಜೀವಮಾನದಲ್ಲೇ ಮೊದಲು. ಬೇಕರಿ ಕೆಲಸಕ್ಕೆ ನಸುಕಿನಲ್ಲೇ ಏಳಬೇಕಿದ್ದ ಅಮ್ಮ ಪಕ್ಕದ ಕೋಣೆಯಲ್ಲಿ ಮಲಗಿರುತ್ತಿದ್ದಳಲ್ಲ, ನಾವು ಸದ್ದು ಪೂರ್ತಿ ಅಡಗಿಸಿ ಮಾತೆಲ್ಲ ನಾವೇ ಪಿಸುಗುಟ್ಟುತ್ತಿದ್ದೆವು. ನಾಯಕಿ ನಾನು, ರಾಕ್ಷಸ ನೀನು. ಅವನು ನೀರಿನಿಂದೆದ್ದು ಕೈ ಚಾಚಿದ ಕೂಡಲೇ ನಾನು, "ಯಾರಪ್ಪಾ ನೀನು, ಏನು ಬೇಕು?" ಅನ್ನಬೇಕು. ನೀನು ಗಂಟಲು ದಪ್ಪ ಮಾಡಿ, "ತಪ್ಪು ತಿಳ್ಕೋಬೇಡಮ್ಮಾ, ಒಂದು ಟವೆಲ್ ಇದ್ರೆ ಕೊಡು, ಚಳಿ ಆಗ್ತಿದೆ" ಅನ್ನುತ್ತಿದ್ದೆ. ದಿಂಬು ಕಚ್ಚಿಕೊಂಡು ನಕ್ಕರೂ ಅಮ್ಮನಿಗೆ ಗೊತ್ತಾಗಿಬಿಡುತ್ತಿತ್ತು. "ನಗೋದು ಸಾಕು, ಮಲ್ಕೊಳ್ರೇ."

ನಿಜವಾಗಿ ಅವನು ಏನೂ ಹೇಳುವುದಿಲ್ಲ ಅಕ್ಕಾ. ಬರೀ ಗುರ್ ಅನ್ನುತ್ತಾನೆ. ನನಗೆ ಸಿಟ್ಟೇ ಬಂತು.

ಪಕ್ಕದ ಕೋಣೆಯಲ್ಲಿ ಈಗ ಯಾರೂ ಮಲಗಿಲ್ಲ. ಆದರೂ ಸದ್ದು ಅಡಗಿಸಿದೆ. ಸ್ವಲ್ಪ ಹೊತ್ತಿಗೆ ಅವನು ಮತ್ತೆ ನೀರಿನಿಂದೆದ್ದು ಕೈ ಚಾಚಿದ. "ಯಾರಪ್ಪಾ ನೀನು, ಏನು ಬೇಕು?" ಅಂದೆ, ಪಿಸುಮಾತಿನಲ್ಲೇ. ಇನ್ನು ನಿನ್ನ ಸರದಿ ಅಂತ ಸುಮ್ಮನಾದೆ.

ಪಾಪ, ಮೈಯಿಂದ ನೀರು ಸೋರುತ್ತಿತ್ತು, ಚಾಚಿದ ಕೈ ಹಾಗೇ ಇತ್ತು. ಟವೆಲ್ ಮಾತ್ರ ಕೇಳಲೇ ಇಲ್ಲ.