ಸುಳ್ಳುಹೊಳೆಯಲ್ಲಿ ನಿಮ್ಮ ಕಾಲು ಮುರಿಯುವ ವಿಷಯ

ಎತ್ತರಬೀಳಗಿ, ಕೃಷ್ಣೆಯ ದಂಡೆ
ಜ್ಯೇಷ್ಠ ನಲವತ್ತೊಂದು, ನೀರಿನ ಶಕೆ ಇನ್ನೂರ ಹನ್ನೆರಡು

ಶ್ರೀ ಪಂಚಾಕ್ಷರಿ ಕಟಗೇರಿ ಅವರಿಗೆ ನೀಲಗಂಗವ್ವನ ನಮಸ್ಕಾರಗಳು.

ಜ್ಯೇಷ್ಠಕ್ಕೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಹುಬ್ಬೇರಿಸುತ್ತೀರಿ. ನಮ್ಮಲ್ಲಿ ಹೊಳೆಗೆ ಹೊಸ ನೀರು ಬರುವವರೆಗೆ ಆಷಾಢ ಹುಟ್ಟುವುದಿಲ್ಲ. ಒಂದು ವರ್ಷ ಜ್ಯೇಷ್ಠ ಅರವತ್ತು ದಾಟಿದ್ದೂ ಉಂಟು. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಮನ್ನಿಸಬೇಕು. ರೇಡಿಯೊದಲ್ಲಿ ಸುದ್ದಿ ಮುಟ್ಟಿಸುವ ನೀವು ನಿಮ್ಮನ್ನು ಹ್ಯಾಮ್ ಎಂದು ಕರೆದುಕೊಳ್ಳುತ್ತಿದ್ದಿರಂತೆ, ನಾವು ದನಿಗಾರರು. ನೀವು ಅಣಕು ಪ್ರದರ್ಶನ ಎನ್ನುತ್ತಿದ್ದುದು ನಮಗೆ ಸುಳ್ಳುಹೊಳೆ. ಹೊಳೆ ಉಕ್ಕಿ ಬರುವ ಮೊದಲೇ ಬಂದಿದೆ ಎಂದು ನಟಿಸಿ, ಯಾರು ಎಲ್ಲಿ ಸಿಕ್ಕಿಬಿದ್ದಿದ್ದಾರೆ ಎಂದು ರೇಡಿಯೊದಲ್ಲಿ ಹೇಳಿ, ದೋಣಿ ಕರೆಸುವ ಅಭ್ಯಾಸ ಅದು. ನಾಡಿದ್ದು ಸುಳ್ಳುಹೊಳೆ ಇದೆ. ಅದರಲ್ಲಿ ನಿಮ್ಮ ಬಲಗಾಲು ಮುರಿಯಬೇಕಾಗಿದೆ. ಅದಕ್ಕೆ ನಿಮ್ಮ ಒಪ್ಪಿಗೆ ಕೇಳಿ ಈ ಕಾಗದ ಬರೆಯುತ್ತಿದ್ದೇನೆ.

ನನಗೆ ತಲೆ ಕೆಟ್ಟಿಲ್ಲ. ಕೆಡಿಸುವವರ ನಡುವೆ ಕೂತಿದ್ದೇನೆ, ಅಷ್ಟೆ. ನೀವು ತೀರಿಕೊಂಡು ಎಷ್ಟೋ ತಲೆಮಾರಾಯಿತು, ನಿಮ್ಮ ಒಪ್ಪಿಗೆ ಬರುವುದಿಲ್ಲ ಎಂಬುದು ನನಗೂ ಗೊತ್ತು. ಆದರೂ ಕೇಳಲೇಬೇಕು ಎಂದು ನನ್ನ ದನಿಗಾರರಲ್ಲಿ ಒಬ್ಬ ಹಟ ಹಿಡಿದಿದ್ದಾನೆ. ಬರೆದು, ಗಾಳಿಯಲ್ಲಿ ಓದಿ, ಅಲೆಯ ಮೇಲೆ ಬಿಟ್ಟುಬಿಡಬೇಕಂತೆ. ಅಲೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಯಾರು ಕಂಡಿದ್ದಾರೆ ಎನ್ನುತ್ತಾನೆ. ಅವನೊಂದಿಗೆ ವಾದ ಮಾಡಿ ಮಾಡಿ ನನ್ನ ಗಂಟಲು ಬಿದ್ದುಹೋಗಿದೆ.

ನಿಮ್ಮ ಹೆಸರು ನನಗೆ ಸಿಕ್ಕಿದ್ದು ನಮ್ಮ ಮನೆಯ ಮಜ್ಜಿಗೆ ಗಡಿಗೆಯ ಮೇಲೆ. ನಮ್ಮಜ್ಜಿಯ ಕಾಲದಿಂದಲೂ ಅದಕ್ಕೆ ಮುಚ್ಚಳವಾಗಿರುವ ಹಿತ್ತಾಳೆ ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಅಕ್ಷರ ಕಾಣಿಸಿತು. ಯಶಸ್ವಿ ಅಣಕು ಪ್ರದರ್ಶನದ ನೆನಪಿಗಾಗಿ, ಉತ್ತಮ ಹ್ಯಾಮ್ ಸ್ವಯಂಸೇವಕ ಪಂಚಾಕ್ಷರಿ ಕಟಗೇರಿ ಅವರಿಗೆ ಸ್ಮರಣಿಕೆ. ಯಶಸ್ವಿ ಎಂಬುದನ್ನು ಓದಿ ನನಗೆ ಮೈ ಉರಿಯಿತು. ಏನೂ ಕೆಡದ ಅಭ್ಯಾಸಕ್ಕೆ ಸ್ಮರಣಿಕೆ ಹಂಚಿ, ಹಾರ ಹಾಕಿಕೊಂಡು, ಉಪ್ಪಿಟ್ಟು ತಿಂದು ಮನೆಗೆ ಹೋದಿರಿ. ಅದೇ ಚಾಳಿಯನ್ನು ನಮಗೆ ಬಳುವಳಿಯಾಗಿ ಬಿಟ್ಟಿರಿ. ಕೋಪಕ್ಕೆ ಕ್ಷಮಿಸಿ, ಇವತ್ತು ಬೆಳಗಿನಿಂದ ನನಗೆ ಯಾರ ಮೇಲೂ ಸಮಾಧಾನವಿಲ್ಲ.

ನಮ್ಮ ಕಾಲದ ಸ್ಥಿತಿಯನ್ನೂ ಸ್ವಲ್ಪ ಹೇಳಬೇಕು. ಮಳೆಗಾಲದಲ್ಲಿ ಮೋಡ ಕಣಿವೆಯ ಮೇಲೆ ಕೂತುಬಿಟ್ಟರೆ ಆಕಾಶಜಾಲ ಕೆಲಸ ಮಾಡುವುದಿಲ್ಲ. ಆ ದಿನಗಳಿಗೆ ಮೂಕವಾರ ಎನ್ನುತ್ತೇವೆ. ಮಾತಾಡುವ ಗೋಡೆ, ದಾರಿ ಹೇಳುವ ಬಳೆ, ಎಲ್ಲವೂ ಕಲ್ಲಾಗಿ ಕೂರುತ್ತವೆ. ಆಗ ಉಳಿಯುವುದು ನಿಮ್ಮ ಕಾಲದ್ದೇ ಹಳೆಯ ನಮೂನೆಯ ರೇಡಿಯೊ, ಎರಡು ಕಂಬದ ನಡುವೆ ಬಿಗಿದ ತಂತಿ, ಒಂದು ಬ್ಯಾಟರಿ. ಬ್ಯಾಟರಿ ತುಂಬಿಸಲು ಬಿಸಿಲುಚಾದರವಿದೆ. ಮಾಳಿಗೆಯ ಮೇಲೆ ಹಾಸಿದರೆ ಬಿಸಿಲು ಕುಡಿದು ಇಟ್ಟುಕೊಳ್ಳುವ ಬಟ್ಟೆ. ಊರವರಿಗೆ ಹಾಸಿ ಎಂದರೆ ಹಾಸುತ್ತಾರೆ. ಮರುದಿನ ನೋಡಿದರೆ ಅದರ ತುಂಬ ಸಂಡಿಗೆ ಇಟ್ಟಿರುತ್ತಾರೆ. ಅಷ್ಟು ನುಣುಪಾದ ಬಟ್ಟೆ ಬೇರೆಲ್ಲಿ ಸಿಗುತ್ತದೆ ಎಂದು ನನ್ನನ್ನೇ ಕೇಳುತ್ತಾರೆ. ಸಂಡಿಗೆಯ ನೆರಳು ಬಿದ್ದ ಚಾದರ ಬಿಸಿಲು ಕುಡಿಯುವುದಿಲ್ಲ ಎಂದು ನಾನು ಹೇಳಿದ್ದನ್ನು ಕೇಳಿಸಿಕೊಂಡು, ಹೌದೌದು ಎಂದು ತಲೆಯಾಡಿಸಿ, ಈ ಸಲ ಶಾವಿಗೆ ಒಣಹಾಕಿದರು. ತಂತಿಯ ಮೇಲೆ ಸೀರೆ ಒಣಗಿಸುವವರ ಸುದ್ದಿ ನಾನು ಎತ್ತುವುದೇ ಇಲ್ಲ.

ಅದೆಲ್ಲ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದು. ನಮ್ಮ ಜನ ಕೆಟ್ಟ ಸುದ್ದಿಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಗದ ಕೆಡುಕನ್ನು ಆಗಿದೆ ಎಂದು ಹೇಳು ಎಂದರಂತೂ ಮುಖ ಸಿಂಡರಿಸಿ ಎದ್ದುಹೋಗುತ್ತಾರೆ. ಮೊನ್ನೆಯ ತಾಲೀಮಿನಲ್ಲಿ ಶಾಲೆಯ ಅಕ್ಕೋರು ರೇಣವ್ವ ಹೇಳಬೇಕಾಗಿದ್ದದ್ದು ಇಷ್ಟೆ: ಒಡ್ಡು ಒಡೆದಿದೆ, ಇಬ್ಬರಿಗೆ ಗಾಯ, ಬೇಗ ಬನ್ನಿ. ಗಾಳಿಯಲ್ಲಿ ಬಂದ ಮಾತು ಇದು: “ಒಡ್ಡಿಗೆ ಏನೂ ಆಗಿಲ್ರಿ ಅಕ್ಕಾರ, ನಮ್ಮಪ್ಪ ಗಟ್ಟಿ ಕಟ್ಟ್ಯಾನ. ನಿಮ್ಮದು ಊಟ ಆತೇನ್ರಿ?” ನಾನು ಸಿಟ್ಟು ನುಂಗಿ, ತಂಗಿ, ಒಡೆದಿದೆ ಎಂದು ಸುಮ್ಮನೆ ಅನ್ನು, ಇದು ಆಟ ಎಂದೆ. “ಬಿಡ್ತು ಅನ್ರಿ. ಹೊತ್ತು ಮುಳುಗೂ ಹೊತ್ತಿನ್ಯಾಗ ಅಂಥಾ ಮಾತ ಆಡಬಾರದು. ಅಸ್ತು ದೇವತಿಗೋಳು ಅಡ್ಡಾಡತಿರತಾವ, ಅಸ್ತು ಅಂದಗಿಂದಾವು” ಎಂದಳು. ಓದಿದವಳು, ಮಕ್ಕಳಿಗೆ ಗುಡುಗು ಮಿಂಚು ಹೇಗಾಗುತ್ತದೆ ಎಂದು ಪಾಠ ಹೇಳುವವಳು. ಮರುದಿನ ತಾಲೀಮನ್ನು ನಡುಮಧ್ಯಾಹ್ನಕ್ಕೆ ಇಟ್ಟೆ. ಆಗಲೂ ಒಡ್ಡು ಗಟ್ಟಿಯಾಗಿಯೇ ಇತ್ತು.

ಮಾತು ಮುಗಿದಾಗ ಮುಗೀತು ಎನ್ನಬೇಕು, ಆಗ ಇನ್ನೊಬ್ಬರು ಮಾತಾಡಬಹುದು ಎಂಬುದು ನಿಯಮ. ಮುಗೀತು ಅಪಶಕುನದ ಮಾತೆಂದು ಅದನ್ನೂ ಬಿಟ್ಟರು. ಈಗ ಯಾರ ಮಾತು ಎಲ್ಲಿ ನಿಂತಿತು ಎಂದು ಯಾರಿಗೂ ತಿಳಿಯುವುದಿಲ್ಲ. ಹಿರಿಯರು ಸುಮ್ಮನಾದರೇ ಇಲ್ಲವೇ ಎಂದು ಕಿರಿಯರು ಕಾಯುತ್ತಾರೆ, ಕಿರಿಯರು ಯಾಕೆ ಮಾತಾಡುತ್ತಿಲ್ಲ ಎಂದು ಹಿರಿಯರು ಕಾಯುತ್ತಾರೆ. ನಾನು ನಡುವೆ ಕೂತು ಹಲ್ಲು ಕಡಿಯುತ್ತೇನೆ.

ಇದು ನಗುವ ವಿಷಯವಾಗಿದ್ದರೆ ನಾನೂ ನಗುತ್ತಿದ್ದೆ. ಹೊಳೆಯ ನಡುವೆ ತೆಪ್ಪದಗಡ್ಡೆ ಎಂಬ ನಡುಗಡ್ಡೆಯಿದೆ. ಅಲ್ಲಿನ ದನಿಗಾರ ಶಿವಪುತ್ರಪ್ಪ. ಎರಡು ಮಳೆಗಾಲದ ಹಿಂದೆ ಹೊಳೆ ಬಂದಾಗ ಅವನ ಹೆಂಡತಿ ಗುರುಬಸವ್ವನಿಗೆ ಜ್ವರ ಏರಿತ್ತು, ನೀರು ಹೊಸ್ತಿಲು ದಾಟಿತ್ತು. ನಾನು ರೇಡಿಯೊದಲ್ಲಿ ಎಲ್ಲರನ್ನೂ ಕರೆಯುವ ಪ್ರತಿ ಸುತ್ತಿನಲ್ಲೂ ಗಡ್ಡೆಯ ಸುದ್ದಿ ಕೇಳಿದೆ. ಪ್ರತಿ ಸುತ್ತಿನಲ್ಲೂ ಅವನು, “ಆರಾಮ ಅದೀವ್ರಿ ಅಕ್ಕಾರ, ಸ್ವಲ್ಪ ನೀರು ಬಂದದ” ಎಂದ. ಜ್ವರ ಹೆಚ್ಚಾಗಿದೆ ಎಂದು ಬಾಯಿಂದ ಬಂದರೆ ನಿಜಕ್ಕೂ ಹೆಚ್ಚಾದೀತೆಂದು ಹೆದರಿದನಂತೆ. ದೋಣಿಗಳು ಕೂಗಿ ಕರೆದವರ ಕಡೆಗೆ ಹೋದವು. ನೀರು ಇಳಿಯುವಷ್ಟರಲ್ಲಿ ಗುರುಬಸವ್ವ ಇರಲಿಲ್ಲ. ಅವಳು ನನ್ನ ಜೊತೆ ಬೆಳೆದವಳು, ಒಂದೇ ಹಾಸಿಗೆಯಲ್ಲಿ ಮಲಗಿದವಳು. ಆಮೇಲೆ ಅವನು ಆ ಮಾತು ಎತ್ತಿಲ್ಲ, ನಾವೂ ಎತ್ತಿಲ್ಲ. ನನಗೆ ಅವನ ಮೇಲೆ ಸಿಟ್ಟೂ ಇದೆ, ಕನಿಕರವೂ ಇದೆ. ಎರಡೂ ಒಟ್ಟಿಗೆ ಬಂದಾಗ ಸಿಟ್ಟೇ ಮೊದಲು ಬಾಯಿಗೆ ಬರುತ್ತದೆ.

ಈಗ ದೋಣಿಯವರಿಗೆ ನಮ್ಮ ಮೇಲೆ ನಂಬಿಕೆ ಉಳಿದಿಲ್ಲ. ಅವರ ಹಿರಿಯ ದಸ್ತಗೀರಣ್ಣ ಮನೆಗೆ ಬಂದು, ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಹೇಳಿದ: “ನಾವೇನ ಕಣಿ ಹೇಳಾವ್ರಲ್ಲ ಅಕ್ಕಾರ. ಆರಾಮ ಅದೀವಿ ಅನ್ನಾವ್ರ ಘಾಟಿಗೆ ದೋಣಿ ಯಾಕ ಕಟ್ಟೂಣು? ಮ್ಯಾಲಿನ ಊರಾಗ ಬಾಯಿಬಿಟ್ಟು ಕರಿಯಾವ್ರು ಅದಾರ.” ಸುಳ್ಳುಹೊಳೆಯ ದಿನ ಅವನು ನನ್ನ ಪಕ್ಕದಲ್ಲೇ ಕೂರುತ್ತಾನೆ. ತೆಪ್ಪದಗಡ್ಡೆಯಿಂದ ಒಂದು ನೇರವಾದ ಕರೆ ಕೇಳಿಸಿದರೆ ಮಳೆಗಾಲ ಮುಗಿಯುವವರೆಗೆ ದೋಣಿ ಗಡ್ಡೆಯಲ್ಲೇ ಇರುತ್ತದೆ. ಕೇಳಿಸದಿದ್ದರೆ ಮೇಲಿನ ಊರಿಗೆ ಹೋಗುತ್ತದೆ. ಗಡ್ಡೆಗೆ ಸಿಗುವುದು ಅದೊಂದೇ ದೋಣಿ, ಗಡ್ಡೆಯ ಮೇಲೆ ಮುದುಕರಿದ್ದಾರೆ, ಬಸುರಿಯರಿದ್ದಾರೆ. ದಸ್ತಗೀರಣ್ಣನದು ತಪ್ಪೂ ಅಲ್ಲ.

ಹೀಗೆ ಇಕ್ಕಟ್ಟಿಗೆ ಸಿಕ್ಕಿದಾಗ ನಿಮ್ಮ ತಟ್ಟೆ ನೆನಪಾಯಿತು. ಬದುಕಿರುವವರಿಗೆ ಕೆಟ್ಟದ್ದು ಅನ್ನಬಾರದು ತಾನೆ, ಹಾಗಾದರೆ ಸತ್ತವರ ಹೆಸರು ಹಾಕೋಣ ಎಂದೆ. ನಮ್ಮೂರಿನ ಸತ್ತವರ ಹೆಸರು ಹಾಕಿದರೆ ಅವರ ಮನೆಯವರು ಜಗಳಕ್ಕೆ ಬರುತ್ತಾರೆ. ನಿಮ್ಮ ಕಡೆಯವರು ಯಾರೂ ಇಲ್ಲಿಲ್ಲ. ಅದಕ್ಕೆ ಗಡ್ಡೆಯ ಮೇಲೆ ಪಂಚಾಕ್ಷರಿ ಕಟಗೇರಿ ಎಂಬವರ ಕಾಲು ಮುರಿದಿದೆ, ದೋಣಿ ಕಳಿಸಿ ಎಂದು ಶಿವಪುತ್ರಪ್ಪ ಹೇಳಬೇಕು ಎಂದು ಗೊತ್ತು ಮಾಡಿದೆ. ರೇಣವ್ವ ಕೂಡ ಒಪ್ಪಿದಳು. ಶಿವಪುತ್ರಪ್ಪ ಮಾತ್ರ ಹೇಳಿದ: “ಅವ್ರು ತಮ್ಮ ಕಾಲದಾಗ ಬದುಕೇ ಅದಾರಲ್ರಿ. ನಾವು ಇಲ್ಲಿ ಅಂದದ್ದು ಅಲ್ಲಿ ತಟ್ಟಿದ್ರ? ಒಂದು ಮಾತ ಕೇಳ್ರಿ ಅವರನ್ನ.” ಹೀಗೆ ಕೇಳುತ್ತಾರೆಂದು ಬ್ರಹ್ಮನಿಗಾದರೂ ಗೊತ್ತಿತ್ತೇ.

ಆದ್ದರಿಂದ ಕೇಳುತ್ತಿದ್ದೇನೆ. ದಯವಿಟ್ಟು ಒಪ್ಪಿಕೊಳ್ಳಿ. ನಿಮ್ಮ ಕಾಲಿಗೆ ಏನೂ ಆಗುವುದಿಲ್ಲ ಎಂದು ನಾನು ಭರವಸೆ ಕೊಡುತ್ತೇನೆ. ಆದರೂ ನಾಡಿದ್ದು ಮೆಟ್ಟಿಲು ಇಳಿಯುವಾಗ ಸ್ವಲ್ಪ ನೋಡಿಕೊಂಡು ಇಳಿಯಿರಿ. ಇವರ ಜೊತೆ ಇದ್ದೂ ಇದ್ದೂ ನನಗೂ ಅಂಟಿಕೊಂಡಿದೆ.

ಇನ್ನೊಂದು ಮಾತು. ನಿಮ್ಮ ಮುಂದಿನ ಅಣಕು ಪ್ರದರ್ಶನವನ್ನು ದಯಮಾಡಿ ಚೆನ್ನಾಗಿ ಕೆಡಿಸಿ. ಬ್ಯಾಟರಿ ಖಾಲಿಯಾಗಲಿ, ತಂತಿ ಹರಿಯಲಿ, ನಿಮ್ಮಲ್ಲಿ ಅತಿ ಸಂಕೋಚದವರ ಕೈಗೆ ಮೈಕ್ ಕೊಟ್ಟು, ನಾನು ಕಷ್ಟದಲ್ಲಿದ್ದೇನೆ, ಬನ್ನಿ ಎಂದು ಹೇಳಿಸಿ. ಹಾರ ಆಮೇಲೆ ಹಾಕಿಕೊಳ್ಳಿ.

ಜ್ಯೇಷ್ಠ ನಲವತ್ತಮೂರು

ನಿಮ್ಮ ಕಾಲು ನೆಟ್ಟಗಿದೆ. ಅದು ಬೇಕಾಗಲಿಲ್ಲ. ಇಷ್ಟುದ್ದ ಬರೆದು, ಗಾಳಿಯಲ್ಲಿ ಓದಿ, ಊರವರ ನಗೆಪಾಟಲಿಗೆ ಗುರಿಯಾದದ್ದು ದಂಡ. ಉಳಿದದ್ದನ್ನೂ ಹೇಳಿಬಿಡುತ್ತೇನೆ, ನಡುವೆ ನಿಲ್ಲಿಸಿದರೆ ನಿಮಗೂ ಸಮಾಧಾನವಿರುವುದಿಲ್ಲ.

ಇವತ್ತು ಬೆಳಿಗ್ಗೆ ಘಾಟಿನ ಮೇಲಿನ ಕಟ್ಟೆಯಲ್ಲಿ ರೇಡಿಯೊ ಇಟ್ಟುಕೊಂಡು ಕೂತೆ. ದಸ್ತಗೀರಣ್ಣ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದ. ರೇಣವ್ವ ನಾನು ಹೇಳಿಕೊಟ್ಟ ಹಾಗೆಯೇ ಒಡ್ಡು ಒಡೆಸಿದಳು. ಆಮೇಲೆ ತೆಪ್ಪದಗಡ್ಡೆಯನ್ನು ಕರೆದೆ. ಉತ್ತರವಿಲ್ಲ. ಮತ್ತೆ ಕರೆದೆ. ದಸ್ತಗೀರಣ್ಣ ನನ್ನ ಮುಖ ನೋಡಿ, ಹೊಳೆಯ ಕಡೆ ನೋಡಿದ. ಇಷ್ಟಕ್ಕಾಗಿ ಇಷ್ಟು ದಿನ ಒದ್ದಾಡಿದೆನೇ ಎಂದು ನನಗೆ ಅಳು ಬರುವ ಹಾಗಾಯಿತು.

ಆಗ ಅವನ ದನಿ ಬಂತು. “ತೆಪ್ಪದಗಡ್ಡಿಯಿಂದ ಶಿವಪುತ್ರಪ್ಪ” ಎಂದ. ನಿಮ್ಮ ಹೆಸರು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ. “ಗುರುಬಸವ್ವಗ ಆರಾಮಿಲ್ಲ. ಜ್ವರ ನೆತ್ತಿಗೇರೇದ. ಕರದ್ರ ಓ ಅನ್ನವಲ್ಲಳು. ನೀರು ಹೊಸ್ತಲಾ ದಾಟಿ ಒಳಗ ಬಂದದ. ನನ್ನ ಒಬ್ಬನ ಕೈಲೆ ಆಗೂದಿಲ್ಲ. ದೋಣಿ ಕಳಸ್ರಿ ಅಕ್ಕಾರ.” ಅಷ್ಟು ಹೇಳಿ, “ಮುಗೀತು” ಎಂದ. ನನ್ನ ದನಿಗಾರರಲ್ಲಿ ಆ ಮಾತನ್ನು ಆಡಿದವನು ಅವನೊಬ್ಬನೇ.

ಅಭ್ಯಾಸದಲ್ಲಿ ಪ್ರತಿ ಉತ್ತರದ ಕೊನೆಗೆ, ಇದು ಸುಳ್ಳುಹೊಳೆ ಎಂದು ಸೇರಿಸಬೇಕು. ಕೇಳಿದವರು ಗಾಬರಿಯಾಗಬಾರದೆಂದು ನಾನೇ ಮಾಡಿದ ನಿಯಮ. ನಾನು, ದೋಣಿ ಹೊರಟಿದೆ ಶಿವಪುತ್ರಪ್ಪ ಎಂದೆ. ಬೇರೇನೂ ಸೇರಿಸಲಿಲ್ಲ. ತಿರುಗಿ ನೋಡಿದರೆ ದಸ್ತಗೀರಣ್ಣ ಕಟ್ಟೆಯ ಮೇಲೆ ಇರಲಿಲ್ಲ. ಘಾಟಿಗೆ ಇಳಿದು ಹಗ್ಗ ಬಿಚ್ಚುತ್ತಿದ್ದ. ಅಭ್ಯಾಸದಲ್ಲಿ ದೋಣಿ ನಿಜವಾಗಿ ಹೋಗುವ ಪದ್ಧತಿಯಿಲ್ಲ. ಹೋದ.

ಉಳಿದದ್ದು ಅವನೇ ಬಂದು ಹೇಳಿದ್ದು. ಗಡ್ಡೆಯ ದಡದಲ್ಲಿ ಶಿವಪುತ್ರಪ್ಪ ಮಡಿಚಿದ ಕಂಬಳಿ ಹಿಡಿದು ನಿಂತಿದ್ದನಂತೆ. ದಸ್ತಗೀರಣ್ಣ ಕಂಬಳಿ ಇಸಿದುಕೊಂಡು ದೋಣಿಯಲ್ಲಿ ಉದ್ದಕ್ಕೆ ಹಾಸಿದ. ಶಿವಪುತ್ರಪ್ಪ ಅದರ ತಲೆಯ ಕಡೆ ಕೂತ. ಹೊಳೆಯಲ್ಲಿ ನೀರು ಮೊಣಕಾಲುದ್ದವೂ ಇರಲಿಲ್ಲ, ದಾರಿಯುದ್ದಕ್ಕೂ ದೋಣಿ ಮರಳಿಗೆ ತಾಗುತ್ತಿತ್ತು, ಆದರೂ ಇಳಿದು ನಡೆಯೋಣ ಎಂದು ಇಬ್ಬರೂ ಅನ್ನಲಿಲ್ಲ. ಈ ದಡಕ್ಕೆ ಬಂದಾಗ ನಾವು ನಾಲ್ಕು ಜನ ಕಂಬಳಿಯ ನಾಲ್ಕು ಮೂಲೆ ಹಿಡಿದು, ಜೋಪಾನವಾಗಿ, ಮೇಲಕ್ಕೆ ಹೊತ್ತುತಂದೆವು.

ದೋಣಿ ಗಡ್ಡೆಯಲ್ಲೇ ಇರುತ್ತದೆ. ನಿಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ.

ನೀಲಗಂಗವ್ವ