ಕೆಂಪು ದೀಪದ ಮೇಲಿನ ಟೇಪು

ಅತ್ತಿಗೆಯವರಿಗೆ ನಮಸ್ಕಾರ.

ಅಣ್ಣ ಕಾರು ಅಪಘಾತದಲ್ಲಿ ತೀರಿಕೊಂಡಾಗಿನಿಂದ, "ಬೇಗ ಬನ್ನಿ ಅಂತ ನಾನೇ ಫೋನ್ ಮಾಡಿದೆ, ಅದಕ್ಕೇ ಹೀಗಾಯ್ತು" ಎಂದು ಬಂದವರಿಗೆಲ್ಲ ಹೇಳಿ ಅಳುತ್ತೀರಿ. ನಾನು ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುತ್ತೇನೆ.

ಅವನು ಕೊಂಡ ಆ ಸೆಕೆಂಡ್‌ಹ್ಯಾಂಡ್ ಐಷಾರಾಮಿ ಕಾರಿಗೆ ಮೆಕ್ಯಾನಿಕ್ ನಾನೇ. ಹೋದ ತಿಂಗಳು ಸ್ಟೀರಿಂಗ್ ಮುಂದೆ, ಬ್ರೇಕ್ ಕೆಟ್ಟಿದೆ ಎಂದು ಎಚ್ಚರಿಸುವ ಕೆಂಪು ದೀಪ ಹೊತ್ತಿಕೊಂಡಿತು. ರಿಪೇರಿ ದುಡ್ಡಿಗೆ ಒಂದು ಸಣ್ಣ ಕಾರೇ ಬರುತ್ತದೆ ಎಂದೆ. ಅಣ್ಣ ನಕ್ಕುಬಿಟ್ಟ. "ಇನ್ನೊಂದು ತಿಂಗಳು ಓಡಿಸ್ತೀನೋ. ನಿಮ್ಮತ್ತಿಗೆ ಆ ದೀಪ ನೋಡಿದ್ರೆ ಕಾರು ಮಾರಿ ಅಂತ ಜೀವ ತಿಂತಾಳೆ, ಮುಚ್ಚಿಬಿಡು" ಅಂದ. ನಾನು ಕಪ್ಪು ಟೇಪು ಅಂಟಿಸಿ ಕೀಲಿ ಕೊಟ್ಟೆ.

ನಜ್ಜುಗುಜ್ಜಾದ ಕಾರು ಪೊಲೀಸ್ ಠಾಣೆಯ ಅಂಗಳದಲ್ಲಿದೆ. ಟೇಪು ಹಾಗೇ ಇದೆ, ನೋಡಿ ಬಂದೆ. ಇನ್‌ಸ್ಪೆಕ್ಟರ್ ಬಂದರೆ ಈ ಪತ್ರ ಕೊಡಿ. ಫೋನ್ ಮಾಡಿದ್ದೇ ತಪ್ಪಾಯ್ತು ಎಂದು ಮಾತ್ರ ಇನ್ನು ಯಾರಿಗೂ ಹೇಳಬೇಡಿ.

ನಿಮ್ಮ ಮೈದುನ