ಭತ್ತದ ಕಣಕ್ಕೆ ಬೂಟುಗಾಲಲ್ಲಿ ಬಂದ ಸಾಹೇಬರಿಗೆ

ಮಕ್ಕಳಿಗೆ ಟೆನಿಸ್ ಕಲಿಸುವ ಯೋಜನೆಯ ಮೇಲಧಿಕಾರಿಗಳೇ,

ಮಾನ್ಯರೇ ಎಂದು ಶುರು ಮಾಡಿದ ಹಿಂದಿನ ಮನವಿಗಳಿಗೆ ಉತ್ತರ ಬರಲಿಲ್ಲ. ಹಾಗಾಗಿ ಈ ಸಲ ಆ ಪದ ಬಿಟ್ಟಿದ್ದೇನೆ. ಸಿರುಗುಪ್ಪದ ನಮ್ಮ ಪ್ರಾಥಮಿಕ ಶಾಲೆಯ ಟೆನಿಸ್ ತರಗತಿಯನ್ನು ತಾವು ನಿಲ್ಲಿಸಿದ್ದೀರಿ. ಮಕ್ಕಳು ಬರಿಗಾಲಲ್ಲಿ ಆಡುತ್ತಾರೆ, ಅದು ಅಪಾಯ ಎಂಬುದು ಆದೇಶದಲ್ಲಿರುವ ಕಾರಣ. ನಿಜವಾದ ಕಾರಣ ನಮಗೂ ಗೊತ್ತು, ತಮಗೂ ಗೊತ್ತು.

ನಾನು ಆಟದ ಶಿಕ್ಷಕಿಯಲ್ಲ, ನಾಲ್ಕನೇ ತರಗತಿಗೆ ಪಾಠ ಮಾಡುವವಳು. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ತಾವು ನಡೆಸಿದ ತರಬೇತಿಗೆ ಬೇರಾರೂ ಒಪ್ಪದ್ದರಿಂದ ನನ್ನನ್ನು ಅಟ್ಟಿದರು. ಚೆಂಡನ್ನು ರ‍್ಯಾಕೆಟ್ಟಿನ ಮೇಲೆ ಬೀಳದಂತೆ ಇಟ್ಟುಕೊಂಡು ನಡೆಯುವುದು, ನೆಲಕ್ಕೆ ಪುಟಿಸುವುದು, ಒಮ್ಮೆ ಪುಟಿದ ಮೇಲೆ ಎದುರಿನವರಿಗೆ ಮೆಲ್ಲಗೆ ಹೊಡೆಯುವುದು, ಇಷ್ಟು ಕಲಿತು ಬಂದೆ. ನಮ್ಮ ಶಾಲೆಯ ಅಂಗಳ ಎರೆಮಣ್ಣು. ಬಿದ್ದ ಚೆಂಡು ಬಿದ್ದಲ್ಲೇ ಕೂರುತ್ತದೆ. ಕೇಳಿದರೆ, ಸ್ಥಳೀಯವಾಗಿ ಹೊಂದಿಸಿಕೊಳ್ಳಿ ಎಂದಿರಿ. ಹೊಂದಿಸಿಕೊಂಡೆವು. ಅದೇ ತಪ್ಪಾಯಿತು.

ಪಕ್ಕದ ಅಕ್ಕಿ ಗಿರಣಿಯ ಮಾಲೀಕ ವಿರೂಪಾಕ್ಷಪ್ಪನವರು ಭತ್ತ ಒಣಗಿಸುವ ಸಿಮೆಂಟಿನ ಕಣವನ್ನು ಬೆಳಗಿನ ಹೊತ್ತು, ಭತ್ತ ಹರಡುವ ಮುಂಚೆ, ನಮಗೆ ಬಿಟ್ಟುಕೊಟ್ಟರು. ಷರತ್ತು ಒಂದೇ: ಕಾಲಲ್ಲಿ ಏನೂ ಇರಬಾರದು. ಭತ್ತ ಇರಲಿ ಬಿಡಲಿ, ಕಣಕ್ಕೆ ಚಪ್ಪಲಿ ಮೆಟ್ಟಿ ಇಳಿಯುವುದು ನಮ್ಮ ಕಡೆ ಇಲ್ಲ. ಮಕ್ಕಳು ಬೂಟುಗಳನ್ನು ಅಂಚಿಗೆ ಬಿಟ್ಟು ಆಡಿದರು. ಅವ್ವಂದಿರ ಹಿಂದೆ, ಒಣಗುವ ಭತ್ತ ತಿರುವಿಹಾಕಲು ಕಾಲೆಳೆದು ಓಡಾಡಿದವರಿಗೆ ಚೆಂಡು ಬಂದತ್ತ ಪಕ್ಕಕ್ಕೆ ಸರಿಯುವುದನ್ನು ನಾನು ಹೇಳಿಕೊಡಬೇಕಾಗಲೇ ಇಲ್ಲ. ಅವರಲ್ಲಿ ಕಾವೇರಿ ಎಂಬವಳು, ತರಗತಿಯಲ್ಲಿ ಹೆಸರು ಕೂಗಿದರೂ ತಲೆ ಎತ್ತದ ಹುಡುಗಿ, ಕಣದಲ್ಲಿ ಮಾತ್ರ ಎದುರಿನವರನ್ನು ಗದರಿಸಿ ಆಡಿಸುತ್ತಿದ್ದಳು.

ಆಮೇಲೆ ತಾವು ತಪಾಸಣೆಗೆ ಬಂದಿರಿ. ಕಣ ಗುಡಿಸುತ್ತಿದ್ದ ಸಾವಂತ್ರಮ್ಮ, ಇದೇ ಕಾವೇರಿಯ ತಾಯಿ, ಹೇಳಿದ್ದು ಇಷ್ಟೇ: "ಸಾಹೇಬ್ರ, ಬೂಟು ಅಲ್ಲೇ ಬಿಡ್ರಿ. ಉಣ್ಣೋ ಅನ್ನ ಒಣಗೋ ಜಾಗ ಐತಿ ಇದು." ತಾವು ಕೇಳಿಸಿಕೊಂಡಿರಿ, ನಕ್ಕಿರಿ, ಬೂಟುಗಾಲಲ್ಲೇ ನಡುಗಣಕ್ಕೆ ಹೋಗಿ ರ‍್ಯಾಕೆಟ್ ಹಿಡಿದು ಫೋಟೊ ತೆಗೆಸಿಕೊಂಡಿರಿ. ಸಾವಂತ್ರಮ್ಮ ತಮ್ಮ ಹಿಂದೆಯೇ ಹೆಜ್ಜೆಗಳನ್ನು ಗುಡಿಸುತ್ತ ಬಂದಳು. ಮಕ್ಕಳು ಕಿಸಕ್ಕನೆ ನಕ್ಕರು. ಮುಂದಿನ ವಾರ ಆದೇಶ ಬಂತು.

ಬೂಟಿಲ್ಲದೆ ಆಡಿಸುವಂತಿಲ್ಲ, ಬೂಟು ಹಾಕಿಸಿದರೆ ಕಣವಿಲ್ಲ, ಕಣ ಬಿಟ್ಟರೆ ಎರೆಮಣ್ಣು. ಬೇಕಿದ್ದರೆ ಮಕ್ಕಳನ್ನು ಬಳ್ಳಾರಿಗೆ ಕರೆತನ್ನಿ ಎಂಬ ಸಲಹೆ ಬೇರೆ. ಚೆಂಡು ಪುಟಿಸಲು ಎಳೆಯ ಮಕ್ಕಳನ್ನು ನಸುಕಿನ ಬಸ್ಸಿಗೆ ಹತ್ತಿಸಬೇಕೇ? ಇಷ್ಟು ದಿನ ಒಂದು ಮಗುವಿನ ಕಾಲಿಗಾದರೂ ಗಾಯವಾಗಿತ್ತೇ? ಕುರುಗೋಡು ಕಡೆಯ ಒಂದು ಶಾಲೆಯವರು ರ‍್ಯಾಕೆಟ್ಟುಗಳ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿಲ್ಲವಂತೆ, ಅವರಿಗೆ ತಮ್ಮಿಂದ ಮೆಚ್ಚುಗೆ ಪತ್ರ ಹೋಗಿದೆ. ಜಾಣರು.

ಇಷ್ಟಾದರೂ ಸುಮ್ಮನಿರುತ್ತಿದ್ದೆ. ಈ ನೌಕರಿಯಲ್ಲಿ ಸುಮ್ಮನಿರುವುದು ರೂಢಿಯಾಗಿದೆ, ದಣಿವೂ ಆಗಿದೆ. ಆದರೆ ಮಕ್ಕಳು ಕಾವೇರಿಯ ಜೊತೆ ಮಾತು ಬಿಟ್ಟಿದ್ದಾರೆ. ನಿಮ್ಮವ್ವನಿಂದಲೇ ಆಟ ಹೋಯಿತು ಎನ್ನುತ್ತಾರಂತೆ. ಅವಳು ಶಾಲೆಗೇ ಬರುತ್ತಿಲ್ಲ. ಮನೆಗೆ ಹೋದರೆ ಗೋಡೆಯ ಕಡೆ ಮುಖ ಮಾಡಿಕೊಂಡು ಕೇಳಿದಳು: "ನಮ್ಮವ್ವ ಯಾಕ ಬಾಯಿ ತೆಗಿಬೇಕಿತ್ರಿ, ಮೇಡಂ?" ಒಲೆಯ ಮುಂದಿದ್ದ ತಾಯಿ ಕಟ್ಟಿಗೆ ಮುಂದಕ್ಕೆ ನೂಕಿದಳು. ನನ್ನನ್ನು ಕಳಿಸಲು ಬಾಗಿಲಿಗೆ ಬಂದವಳು, "ಬಳ್ಳಾರಿಗೆ ಬಂದು ಸಾಹೇಬ್ರ ಕಾಲು ಹಿಡಿತೀನ್ರಿ, ಆವಾಗರ ಬಿಡ್ತಾರೇನ್ರಿ?" ಎಂದಳು. ಬೇಡ ಎಂದು ಹೇಳಿ ಬಂದೆ. ಬಂದವಳೇ ಈ ಪತ್ರ ಬರೆಯಲು ಕೂತೆ.

ಆದೇಶ ಹಿಂಪಡೆಯಿರಿ. ವಿರೂಪಾಕ್ಷಪ್ಪನವರು ಕಣ ಕೊಡುವುದಿಲ್ಲ ಎಂದಿಲ್ಲ. ಅದು ತಮ್ಮ ಘನತೆಗೆ ಒಗ್ಗದಿದ್ದರೆ ಬೇಡ, ಟೆನಿಸ್ ಇಲ್ಲದೆಯೂ ಸಿರುಗುಪ್ಪದ ಮಕ್ಕಳು ದೊಡ್ಡವರಾಗುತ್ತಾರೆ. ಅದರ ಬದಲು ನಮ್ಮ ತರಗತಿಗೆ ಒಮ್ಮೆ ಬಂದು, ಸಾವಂತ್ರಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ ಎಂದು ಮಕ್ಕಳೆದುರು ಹೇಳಿಹೋಗಿ. ಕಾವೇರಿಯನ್ನು ಆ ದಿನ ನಾನೇ ಕೈಹಿಡಿದು ಕರೆತರುತ್ತೇನೆ. ನಾನೂ ದಿನಾ ಹೇಳುತ್ತಿದ್ದೇನೆ, ಮಕ್ಕಳು ನಂಬುತ್ತಿಲ್ಲ. "ಹಂಗಾರ ಸಾಹೇಬ್ರು ಯಾಕ ನಿಲ್ಸಿದ್ರೀ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಬೇಕಾದವರು ತಾವು.

ಇಂತಿ,
ತಮ್ಮ ತರಬೇತಿಯಲ್ಲಿ ತೇರ್ಗಡೆಯಾಗಿ ಬರಿಗೈಯಲ್ಲಿ ಕುಳಿತಿರುವ
ಸುಧಾರಾಣಿ, ಸಹಶಿಕ್ಷಕಿ, ಸಿರುಗುಪ್ಪ